ನಾಲ್ಕು ಜನರ ದುಡ್ಡು, ಒಬ್ಬರ ಹೆಸರಲ್ಲಿ ಕರಾರು!

ತುಮಕೂರು: ಬೆಳಿಗ್ಗೆ ಎಂಟು ಗಂಟೆಗೆ ಮಂಡಿಪೇಟೆಯ ಯಾವ ಟೀ ಅಂಗಡಿ ಮುಂದೆ ಬೇಕಾದರೂ ನಿಂತು ನೋಡಿ. ಮೊದಲೆಲ್ಲ ಅಲ್ಲಿ ಅಡಿಕೆ ಧಾರಣೆ, ಕೊಬ್ಬರಿ ಧಾರಣೆ, ಮಳೆ, ರಾಜಕೀಯ. ಇಷ್ಟೇ ಮಾತು. ಈಗ ಇವೆಲ್ಲದರ ಮೇಲೆ ಕೂತಿರುವ ಮಾತು ಒಂದೇ. ಸೈಟು!

"ಗುಬ್ಬಿ ರಸ್ತೇಲಿ ಒಂದು ಎಕರೆ ಸಿಕ್ಕೈತೆ. ಮೂರು ಜನ ಆಗೋಗಿದೀವಿ. ಇನ್ನೊಬ್ಬರು ಸೇರಿದ್ರೆ ಎತ್ತಾಕ್ಬುಡಬಹುದು. ನೀವು ಬರ್ತೀರಾ?"

ಈ ಒಂದು ಮಾತು ಎಷ್ಟು ಜನ ಅಂಗಡಿಯವರ ಗಲ್ಲಾಪೆಟ್ಟಿಗೆ ಖಾಲಿ ಮಾಡಿದೆಯೋ, ಎಷ್ಟು ಜನರ ಮಗಳ ಮದುವೆಗೆ ಆಧಾರವಾಗಿದೆಯೋ, ಲೆಕ್ಕ ಇಟ್ಟವರು ಯಾರು? ಎರಡೂ ಆಗಿದೆ. ಎರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್. ನಾಲ್ಕನೇ ನಂಬರ್ ಹೆದ್ದಾರಿ ಈಗ ನಲವತ್ತೆಂಟನೇ ನಂಬರ್ ಆಗಿದೆ. ಆ ಕಡೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಈ ಕಡೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ. ಅದಕ್ಕೆ ಅಡಿಗಲ್ಲು ಬಿದ್ದದ್ದು 2016ರಲ್ಲಿ, ಉದ್ಘಾಟನೆ ಆದದ್ದು 2023ರ ಫೆಬ್ರವರಿಯಲ್ಲಿ. ಅಡಿಗಲ್ಲು ಬಿದ್ದ ಮಾರನೇ ದಿನದಿಂದಲೇ ರಾಗಿ ಹೊಲಗಳಲ್ಲಿ ಬಣ್ಣ ಬಳಿದ ಕಲ್ಲುಗಳು ಎದ್ದು ನಿಂತವು ಅಂತ ಆ ಕಡೆಯವರು ನಗುತ್ತಾರೆ. ಹೆಲಿಕಾಪ್ಟರ್ ಹಾರುವುದಕ್ಕೆ ಮೊದಲೇ ಹಾರಿದ್ದು ಜಮೀನಿನ ಬೆಲೆ!

ಬೆಲೆ ಹಾರಿದ ಮೇಲೆ ಒಬ್ಬ ಅಂಗಡಿಯವನ ಕೈಗೆ ಒಂದು ಎಕರೆ ಎಟುಕುತ್ತದೆಯೇ? ಎಟುಕುವುದಿಲ್ಲ. ಅದಕ್ಕೇ ಕೂಟ. ಒಬ್ಬರ ಹತ್ತಿರ ದುಡ್ಡು, ಇನ್ನೊಬ್ಬರಿಗೆ ರೈತರ ಪರಿಚಯ, ಮತ್ತೊಬ್ಬರಿಗೆ ಕಚೇರಿಯಲ್ಲಿ ಓಡಾಡುವ ಕಾಲು. ಇವೆಲ್ಲ ಸೇರಿದರೆ ವ್ಯವಹಾರ. ಇದರಲ್ಲಿ ತಪ್ಪೇನಿಲ್ಲ. ನಮ್ಮ ಊರಿನ ಮಂಡಿಗಳು ನಿಂತಿರುವುದೇ ಪಾಲುದಾರಿಕೆಯ ಮೇಲೆ. ತಾತನ ಕಾಲದ ಬೋರ್ಡುಗಳನ್ನು ನೋಡಿ, ಒಂದು ಹೆಸರಿನ ಪಕ್ಕ "ಅಂಡ್ ಕೋ", ಇನ್ನೊಂದರ ಪಕ್ಕ "ಬ್ರದರ್ಸ್".

ಆದರೆ ಮಂಡಿಯಲ್ಲಿ ಸಂಜೆಗೆ ಲೆಕ್ಕ ಮುಗಿಯುತ್ತದೆ. ಜಮೀನಿನಲ್ಲಿ ಲೆಕ್ಕ ಮುಗಿಯಲು ಐದು ವರ್ಷ, ಹತ್ತು ವರ್ಷ. ಅಷ್ಟರಲ್ಲಿ ಮನುಷ್ಯರೇ ಮುಗಿದುಹೋಗುತ್ತಾರೆ.

ಹಾಗೆ ಮುಗಿದ ಒಬ್ಬರ ಕಥೆ ಇದು. ಹೆಸರು ಬೇಡ. ಊರಿನಲ್ಲಿ ಬಾಳಬೇಕಾದವರು.

ನಾಲ್ವರು ಸೇರಿದರು

2018ರಲ್ಲಿ ನಾಲ್ಕು ಜನ ಸೇರಿದರು. ಒಬ್ಬರು ಹಾರ್ಡ್‌ವೇರ್ ಅಂಗಡಿಯವರು, ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಬಸ್ ಕಂಡಕ್ಟರು. ನಾಲ್ಕನೆಯವರು ದಲ್ಲಾಳಿ. ಪರಿಚಯ ಆದದ್ದು ಹೇಗೆ ಅಂದಿರಾ? ಮೇಷ್ಟ್ರು ಮನೆ ಕಟ್ಟುವಾಗ ಕಬ್ಬಿಣ ತಂದದ್ದು ಆ ಹಾರ್ಡ್‌ವೇರ್ ಅಂಗಡಿಯಿಂದ. ಕಂಡಕ್ಟರು ಮೇಷ್ಟ್ರ ಹಳೇ ಶಿಷ್ಯ. ದಲ್ಲಾಳಿ ಕಂಡಕ್ಟರ ಬಸ್ಸಿನ ದಿನನಿತ್ಯದ ಪ್ರಯಾಣಿಕ. ಸಂಪರ್ಕ ಅಂದರೆ ಇದೇ ಸ್ವಾಮಿ. ಇದಕ್ಕೆ ಯಾವ ಕಾಲೇಜಿನಲ್ಲೂ ಪಾಠ ಇಲ್ಲ.

ಮೇಷ್ಟ್ರು ತಮ್ಮ ನಿವೃತ್ತಿ ಹಣದಿಂದ 8 ಲಕ್ಷ ಹಾಕಿದರು. ಹಾರ್ಡ್‌ವೇರ್‌ನವರು 12 ಲಕ್ಷ. ಕಂಡಕ್ಟರು ಸೊಸೈಟಿ ಸಾಲ, ಹೆಂಡತಿಯ ಒಡವೆ ಎಲ್ಲ ಸೇರಿಸಿ 5 ಲಕ್ಷ. ದಲ್ಲಾಳಿ ಹಾಕಿದ್ದು ತಮ್ಮ "ಓಡಾಟ". ಲಾಭ ಬಂದರೆ ನಾಲ್ಕು ಪಾಲು ಅಂತ ಮಾತು.

ಇಲ್ಲಿ ನಿಲ್ಲಿ. 12 ಹಾಕಿದವರಿಗೂ 5 ಹಾಕಿದವರಿಗೂ ಏನೂ ಹಾಕದವರಿಗೂ ಒಂದೇ ಪಾಲೇ? ಆ ದಿನ ಯಾರೂ ಕೇಳಲಿಲ್ಲ. ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುವಾಗ ಇಂಥ ಪ್ರಶ್ನೆ ಕೇಳಿದರೆ ಚೆನ್ನಾಗಿರುವುದಿಲ್ಲ ನೋಡಿ!

ಒಟ್ಟು 25 ಲಕ್ಷ ರೈತನಿಗೆ ಮುಂಗಡ ಹೋಯಿತು. ಕ್ರಯದ ಕರಾರು ಆಯಿತು. ಯಾರ ಹೆಸರಿಗೆ? ಹಾರ್ಡ್‌ವೇರ್‌ನವರ ಒಬ್ಬರ ಹೆಸರಿಗೆ. "ನಾಲ್ಕು ಜನರ ಸಹಿ, ನಾಲ್ಕು ಆಧಾರ್, ಯಾಕೆ ರಗಳೆ? ದೊಡ್ಡವರು ಅವರೇ ಇರಲಿ" ಅಂದದ್ದು ದಲ್ಲಾಳಿ. ಎಲ್ಲರೂ ತಲೆ ಆಡಿಸಿದರು. ಉಳಿದ ಮೂವರ ಪಾಲಿಗೆ ಕಾಗದ ಇಲ್ಲ. ಮೇಷ್ಟ್ರು ಮಾತ್ರ ಮೇಷ್ಟ್ರ ಅಭ್ಯಾಸ ಬಿಡದೆ ಒಂದು ನಲವತ್ತು ಪುಟದ ನೋಟ್‌ಬುಕ್ ತಂದು, ಯಾರು ಯಾವ ತಾರೀಖು ಎಷ್ಟು ಕೊಟ್ಟರು ಅಂತ ಬರೆದು, ಪಕ್ಕದಲ್ಲಿ ಹಾರ್ಡ್‌ವೇರ್‌ನವರ ಸಹಿ ಹಾಕಿಸಿಕೊಂಡರು. "ಮೇಷ್ಟ್ರೇ, ನಮ್ಮ ಮೇಲೇ ಅನುಮಾನಾನಾ?" ಅಂತ ಅವರು ನಕ್ಕರಂತೆ. ನಗುತ್ತಲೇ ಸಹಿ ಹಾಕಿದರಂತೆ.

ಅಕ್ಕ ಬಂದಳು

ಕನ್ವರ್ಷನ್‌ಗೆ ಓಡಾಟ ನಡೆದಿತ್ತು. ಅಷ್ಟರಲ್ಲಿ 2020ರ ಕೊನೆಗೆ ಕೋರ್ಟಿನಿಂದ ಸಮನ್ಸ್. ಜಮೀನು ಮಾರಲು ಹೊರಟ ರೈತನ ಅಕ್ಕ ಪಾಲು ಕೇಳಿ ದಾವೆ ಹಾಕಿದ್ದರು. ಮದುವೆಯಾಗಿ ಮೂವತ್ತು ವರ್ಷದ ಹಿಂದೆ ಹೋದ ಅಕ್ಕ. ಕರಾರಿನಲ್ಲಿ ಅವರ ಸಹಿ ಇರಲಿಲ್ಲ, ಕೇಳಬೇಕು ಅಂತ ಯಾರಿಗೂ ಹೊಳೆದಿರಲೂ ಇಲ್ಲ.

ಹೊಳೆಯಬೇಕಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ಬಂದದ್ದು 2005ರಲ್ಲಿ. ಆ ತಿದ್ದುಪಡಿ ಬರುವ ಹೊತ್ತಿಗೆ ತಂದೆ ಬದುಕಿರಲೇಬೇಕೇ ಅನ್ನುವ ಜಗ್ಗಾಟ ಹದಿನೈದು ವರ್ಷ ನಡೆದು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು "ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು" ಅಂತ ತೀರ್ಪು ಕೊಟ್ಟಿತು. ಆಮೇಲೆ ಎಷ್ಟು ಮನೆಯ ಅಕ್ಕತಂಗಿಯರು ಕೋರ್ಟಿನ ಮೆಟ್ಟಿಲು ಹತ್ತಿದರು ಅನ್ನುವುದನ್ನು ಕೋರ್ಟ್ ಆವರಣದ ಟೈಪಿಸ್ಟುಗಳನ್ನು ಕೇಳಿ. ಅವರ ಹಕ್ಕು, ಅವರು ಕೇಳಿದರು. ತಪ್ಪು ಅವರದಲ್ಲ. ವಂಶವೃಕ್ಷ ನೋಡದೆ 25 ಲಕ್ಷ ಕೊಟ್ಟವರದು.

ಜಮೀನು ನಿಂತಿತು. ದುಡ್ಡು ನಿಂತಿತು. ಇನ್ನೇನು ರಾಜಿ ಆಗುತ್ತದೆ ಅನ್ನುವ ಹೊತ್ತಿಗೆ ಕೊರೊನಾದ ಎರಡನೇ ಅಲೆ. 2021ರ ಮೇ ತಿಂಗಳಲ್ಲಿ ಕಂಡಕ್ಟರು ಹೋಗಿಬಿಟ್ಟರು. ವಯಸ್ಸು ನಲವತ್ತಾರು. ಇಬ್ಬರು ಮಕ್ಕಳು.

ತಿಂಗಳ ಕಾರ್ಯ ಮುಗಿಸಿ ಆ ತಾಯಿ ಹಾರ್ಡ್‌ವೇರ್ ಅಂಗಡಿಗೆ ಹೋದರು. ಯಜಮಾನರು ಕೂರಿಸಿ ಕಾಫಿ ತರಿಸಿದರು. "ನಿಮ್ಮ ದುಡ್ಡು ಎಲ್ಲೂ ಹೋಗಲ್ಲ ಕಣಮ್ಮ. ಕೇಸು ಮುಗೀಲಿ, ಲಾಭ ಸೇರಿಸಿ ಕೊಡ್ತೀನಿ" ಅಂದರು. ಸುಳ್ಳು ಹೇಳಲಿಲ್ಲ. ಈ ಕಥೆಯಲ್ಲಿ ಕಳ್ಳರು ಯಾರೂ ಇಲ್ಲ, ಅದೇ ಇದರ ಸಂಕಟ. ಕಳ್ಳ ಇದ್ದಿದ್ದರೆ ಪೊಲೀಸ್ ಸ್ಟೇಷನ್‌ಗಾದರೂ ಹೋಗಬಹುದಿತ್ತು.

2022ರಲ್ಲಿ ಆ ಯಜಮಾನರಿಗೇ ಲಕ್ವ ಹೊಡೆಯಿತು. ಮಾತು ಬಿದ್ದುಹೋಯಿತು. ಗಲ್ಲಾದಲ್ಲಿ ಮಕ್ಕಳು ಕೂತರು.

ಮಕ್ಕಳಿಗೆ ಗೊತ್ತಿದ್ದದ್ದು ಬ್ಯಾಂಕ್ ಪಾಸ್‌ಬುಕ್ ಒಂದೇ. ಅದರಲ್ಲಿ ಕಂಡಕ್ಟರ ಚೆಕ್ಕಿನ 2 ಲಕ್ಷ ಇತ್ತು. "ಇದು ಸರಿ, ಕೊಡ್ತೀವಿ. ಉಳಿದ ಮೂರು ಲಕ್ಷ ನಗದು ಕೊಟ್ವಿ ಅಂತೀರಲ್ಲ, ಯಾರಿಗೆ ಕೊಟ್ರಿ? ಅಪ್ಪನ್ನೇ ಕೇಳಿ" ಅಂದರಂತೆ.

ಅಪ್ಪ ಒಳಗೆ ಮಂಚದ ಮೇಲೆ ಮಲಗಿದ್ದರು. ಆ ತಾಯಿ ಹೋಗಿ ಮುಂದೆ ನಿಂತರು. ಅವರ ಕಣ್ಣಲ್ಲಿ ನೀರು ಬಂತು. ಬಾಯಲ್ಲಿ ಮಾತು ಬರಲಿಲ್ಲ. ಕಣ್ಣೀರನ್ನು ಸಾಕ್ಷಿ ಅಂತ ಯಾರು ಬರೆದುಕೊಳ್ಳುತ್ತಾರೆ?

ಕಾನೂನು ಏನು ಹೇಳುತ್ತದೆ?

ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಕಾನೂನು ಹೇಳಲು ನನಗೇನು ಅರ್ಹತೆ ಅಂತ ಕೇಳಬೇಡಿ. ಈ ವಿಷಯ ಬರೆಯಲು ಕೂತಾಗ ಮೂರು ಸಂಜೆ ವಕೀಲರೊಬ್ಬರ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡದ್ದು ಇದು.

ಪಾಲುದಾರಿಕೆ ಕಾನೂನು ಬ್ರಿಟಿಷರ ಕಾಲದ್ದು, 1932ರದ್ದು. ಅದರ ಪ್ರಕಾರ ಪಾಲುದಾರಿಕೆಗೆ ಕಾಗದವೇ ಬೇಕೆಂದೇನಿಲ್ಲ, ಬಾಯಿಮಾತಿನಲ್ಲೂ ಆಗುತ್ತದೆ. ಆದರೆ ಬಾಯಿಮಾತನ್ನು ಸಾಬೀತು ಮಾಡಬೇಕಾದವರು ನೀವು!

ಕಾಗದ ಬರೆದರೂ ಸಂಸ್ಥೆಯನ್ನು ನೋಂದಾಯಿಸದಿದ್ದರೆ ಇನ್ನೊಂದು ತೊಡಕು. 69ನೇ ಕಲಮು ಅಂತ ಒಂದಿದೆ. ನೋಂದಣಿ ಇಲ್ಲದ ಸಂಸ್ಥೆಯ ಪಾಲುದಾರ, ಒಪ್ಪಂದದ ಹಕ್ಕು ಜಾರಿ ಮಾಡಿಸಿಕೊಡಿ ಅಂತ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡುವ ಹಾಗಿಲ್ಲ. ಹೊರಗಿನವರ ಮೇಲೆ ಸಂಸ್ಥೆಯ ಒಪ್ಪಂದದ ದಾವೆಯೂ ಇಲ್ಲ. "ಸಂಸ್ಥೆ ಮುಚ್ಚಿ, ಲೆಕ್ಕ ಕೊಡಿಸಿ" ಅಂತ ಮಾತ್ರ ಕೇಳಬಹುದು. ನೋಂದಣಿ ಆಗುವುದು ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ. ಕೆಲಸ ದೊಡ್ಡದಲ್ಲ. ಸೈಟಿನ ಕೂಟ ಕಟ್ಟಿದವರಲ್ಲಿ ಎಷ್ಟು ಜನ ಮಾಡಿಸಿದ್ದೀರಿ? ನಾನು ಕೇಳಿದ ಹತ್ತು ಜನರಲ್ಲಿ ಒಬ್ಬರು.

ಪಾಲುದಾರ ಸತ್ತರೆ, ಬೇರೆ ಮಾತು ಬರೆದುಕೊಂಡಿರದಿದ್ದರೆ, ಸಂಸ್ಥೆಯೂ ಅಲ್ಲಿಗೆ ವಿಸರ್ಜನೆ. ಉಳಿದವರು ಲೆಕ್ಕ ತೀರಿಸದೆ ಅವನ ಪಾಲಿನ ಆಸ್ತಿ ಇಟ್ಟುಕೊಂಡು ವ್ಯವಹಾರ ಮುಂದುವರಿಸಿದರೆ, ಅವನ ಮನೆಯವರಿಗೆ ಒಂದು ಆಯ್ಕೆ ಇದೆ. ಆ ಹಣದಿಂದ ಹುಟ್ಟಿದ ಲಾಭದ ಪಾಲು ಕೇಳಬಹುದು, ಇಲ್ಲವೇ ವರ್ಷಕ್ಕೆ ನೂರಕ್ಕೆ ಆರರಂತೆ ಬಡ್ಡಿ ಕೇಳಬಹುದು. 37ನೇ ಕಲಮು. ಇದನ್ನು ಕೇಳಿದಾಗ ನನಗೆ ಆ ತಾಯಿಯ ಮುಖ ನೆನಪಾಯಿತು. ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ, ಪಾಲುದಾರಿಕೆ ಇತ್ತು ಅನ್ನುವುದನ್ನೇ ಮೊದಲು ತೋರಿಸಬೇಕಿತ್ತು.

ಅಂಗಡಿಯವರಿಗೆ ಹೇಳಲೇಬೇಕಾದ ಇನ್ನೊಂದು ಮಾತು. ಪಾಲುದಾರಿಕೆ ಸಂಸ್ಥೆಯ ಸಾಲಕ್ಕೆ ಒಬ್ಬೊಬ್ಬ ಪಾಲುದಾರನೂ ಪೂರ್ತಿ ಹೊಣೆ. ನಿಮ್ಮ ಪಾಲು ನಾಲ್ಕರಲ್ಲಿ ಒಂದೇ ಇರಬಹುದು. ಸಾಲ ಕೊಟ್ಟವನು ನಾಲ್ಕಕ್ಕೆ ನಾಲ್ಕನ್ನೂ ನಿಮ್ಮೊಬ್ಬರಿಂದಲೇ ವಸೂಲು ಮಾಡಬಹುದು. ನಿಮ್ಮ ಅಂಗಡಿ, ನಿಮ್ಮ ಮನೆ, ಎಲ್ಲ ಅದರಲ್ಲಿ ಬಂತು. ಇದಕ್ಕೆ ಹೆದರುವವರಿಗೆ 2008ರಲ್ಲಿ ಸೀಮಿತ ಹೊಣೆಯ ಪಾಲುದಾರಿಕೆ ಅಂತ ಬೇರೆ ಕಾನೂನು ಬಂದಿದೆ. ಎಲ್.ಎಲ್.ಪಿ. ಅಂತಾರೆ. ಅದರಲ್ಲಿ ವರ್ಷ ವರ್ಷ ಲೆಕ್ಕ ಸಲ್ಲಿಸುವ ಕಟ್ಟುಪಾಡು ಜಾಸ್ತಿ. ಆಡಿಟರಿಗೆ ಕೆಲಸ, ನಿಮಗೆ ನಿದ್ದೆ.

ಇನ್ನು ಸಂಸ್ಥೆ ಗಿಂಸ್ಥೆ ಏನೂ ಬೇಡ, ಮೂವರೂ ಸೇರಿ ಜಂಟಿಯಾಗಿ ಕೊಂಡು ಸುಮ್ಮನೆ ಇಟ್ಟುಕೊಳ್ಳುತ್ತೇವೆ ಅಂದರೆ ಕ್ರಯಪತ್ರದಲ್ಲಿ ಮೂವರ ಹೆಸರೂ, ಯಾರದು ಎಷ್ಟು ಪಾಲು ಅನ್ನುವುದೂ ಇರಲಿ. ಬರೆಯದಿದ್ದರೆ ಎಲ್ಲರದೂ ಸಮಪಾಲು ಅನ್ನುವ ವಾದ ಎದ್ದು ನಿಲ್ಲುತ್ತದೆ. ಹೆಚ್ಚು ಕೊಟ್ಟವನು ಹಣೆ ಚಚ್ಚಿಕೊಳ್ಳಬೇಕು.

ದುಡ್ಡು ಒಬ್ಬರದು, ಹೆಸರು ಇನ್ನೊಬ್ಬರದು ಅನ್ನುವ ಆಟಕ್ಕೆ ಬೇನಾಮಿ ಕಾನೂನು ಕಾದಿದೆ. 1988ರ ಕಾನೂನಿಗೆ 2016ರಲ್ಲಿ ಹಲ್ಲು ಕಟ್ಟಿದರು. ಆಸ್ತಿ ಮುಟ್ಟುಗೋಲು, ಏಳು ವರ್ಷದವರೆಗೆ ಜೈಲು. "ನಮ್ಮದು ಸ್ನೇಹ ಸಾರ್, ಬೇನಾಮಿ ಅಲ್ಲ" ಅಂದರೆ ಅಧಿಕಾರಿ ನಿಮ್ಮ ಸ್ನೇಹಕ್ಕೆ ಕಾಗದ ಕೇಳುತ್ತಾನೆ.

ಮೂವತ್ತಾರು ಸೈಟಿನ ಲೆಕ್ಕ

ದಲ್ಲಾಳಿ ಮೊದಲ ದಿನ ಹೇಳುವ ಲೆಕ್ಕ ಕೇಳಿದ್ದೀರಾ? ಒಂದು ಎಕರೆ ಅಂದರೆ ನಲವತ್ತು ಗುಂಟೆ. ಗುಂಟೆಗೆ 1,089 ಚದರಡಿ. ಒಟ್ಟು 43,560. ಮೂವತ್ತು ನಲವತ್ತರ ಸೈಟು 1,200 ಚದರಡಿ. ಭಾಗಿಸಿದರೆ ಮೂವತ್ತಾರು ಸೈಟು! ಸಿಗರೇಟ್ ಪ್ಯಾಕಿನ ಹಿಂದೆ ಬರೆದು ತೋರಿಸುತ್ತಾನೆ. ಕೇಳಿದವನ ಕಣ್ಣು ಅರಳುತ್ತದೆ.

ಸ್ವಾಮಿ, ರಸ್ತೆ ಎಲ್ಲಿ? ಪಾರ್ಕು ಎಲ್ಲಿ? ಸಾರ್ವಜನಿಕ ಸೌಕರ್ಯಕ್ಕೆ ಬಿಡುವ ಜಾಗ ಎಲ್ಲಿ? ಪ್ರಾಧಿಕಾರದ ಅನುಮೋದನೆ ಬೇಕೆಂದರೆ ಇವೆಲ್ಲ ಬಿಡಬೇಕು. ಬಿಟ್ಟ ಮೇಲೆ ಮಾರಲು ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ಎಕರೆಗೆ ಹೆಚ್ಚೂ ಕಡಿಮೆ ಇಪ್ಪತ್ತು ಸೈಟು. ಮೂವತ್ತಾರು ಎಲ್ಲಿ, ಇಪ್ಪತ್ತು ಎಲ್ಲಿ? ಆ ಹದಿನಾರು ಸೈಟಿನ ಮೇಲೆ ಎಷ್ಟು ಕೂಟಗಳು ಮುರಿದಿವೆಯೋ!

ಅನುಮೋದನೆಯೇ ಬೇಡ, ರೆವಿನ್ಯೂ ಜಾಗದಲ್ಲೇ ಕಲ್ಲು ನೆಟ್ಟು ಮಾರೋಣ ಅನ್ನುವವರಿಗೂ ಕಾಲ ಮುಗಿಯುತ್ತಾ ಬಂದಿದೆ. ನೋಂದಣಿಗೆ ಇ-ಖಾತಾ ಕಡ್ಡಾಯ ಅಂತ 2024ರಲ್ಲಿ ಬಿಗಿ ಮಾಡಿದ ಮೇಲೆ ಅಂಥ ಸೈಟು ಕೈಯಲ್ಲಿಟ್ಟುಕೊಂಡು ಮಾರಲಾಗದೆ ಕೂತವರು ಬೇಕಾದಷ್ಟು ಜನ. ಇನ್ನು ಬಡಾವಣೆ 500 ಚದರ ಮೀಟರ್ ದಾಟಿತೆಂದರೆ, ಅಂದರೆ ಐದು ಗುಂಟೆ ದಾಟಿದರೆ ಸಾಕು, 2016ರ ರೇರಾ ಕಾನೂನಿನ ಪ್ರಕಾರ ನೋಂದಣಿ ಮಾಡಿಸದೆ ಜಾಹೀರಾತು ಕೊಡುವ ಹಾಗಿಲ್ಲ, ಬುಕಿಂಗ್ ತೆಗೆದುಕೊಳ್ಳುವ ಹಾಗಿಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತು ಬೇರೆ ಖಾತೆಯಲ್ಲಿಟ್ಟು ಆ ಬಡಾವಣೆಯ ಜಾಗಕ್ಕೆ, ಕೆಲಸಕ್ಕೇ ಬಳಸಬೇಕು. ಅಂಥ ಬಡಾವಣೆಯ ಸೈಟು ಮಾರಿಸುವ ಏಜೆಂಟನೂ ನೋಂದಾಯಿಸಿಕೊಂಡಿರಬೇಕು. ನಿಮ್ಮ ಟೀ ಅಂಗಡಿ ದಲ್ಲಾಳಿಯನ್ನು ರೇರಾ ನಂಬರ್ ಕೇಳಿ ನೋಡಿ. ಟೀ ಬಿಲ್ಲು ಅವನೇ ಕೊಟ್ಟು ಎದ್ದುಹೋಗುತ್ತಾನೆ.

ದಲ್ಲಾಳಿಯನ್ನು ಪೂರ್ತಿ ಹೀಗಳೆಯುವುದೂ ನ್ಯಾಯ ಅಲ್ಲ. ಯಾವ ರೈತ ಮಾರುತ್ತಾನೆ, ಯಾವ ಮನೆಯಲ್ಲಿ ಜಗಳ ಇದೆ, ಯಾವ ಸರ್ವೆ ನಂಬರಿನಲ್ಲಿ ಹಳ್ಳ ಹರಿಯುತ್ತದೆ, ಇದೆಲ್ಲ ಅವನ ತಲೆಯಲ್ಲಿದೆ. ಬಿಸಿಲಲ್ಲಿ ಸ್ಕೂಟರ್ ಓಡಿಸಿ ಸಂಪಾದಿಸಿದ ಜ್ಞಾನ. ಅದಕ್ಕೆ ಕೂಲಿ ಕೊಡಬೇಕಾದ್ದೇ. ನನ್ನ ಮಾತು ಇಷ್ಟೆ: ಕೂಲಿ ಕೊಡಿ, ಪಾಲು ಕೊಡುವಾಗ ಯೋಚಿಸಿ. ದುಡ್ಡು ಹಾಕದವನಿಗೆ ನಷ್ಟದ ಭಯ ಇಲ್ಲ. ಅವನಿಗೆ ವ್ಯಾಪಾರ ಆದರೆ ಸಾಕು, ವ್ಯಾಪಾರ ಒಳ್ಳೆಯದಾಗಿರಬೇಕು ಅಂತೇನಿಲ್ಲ. ರೈತನಿಗೆ ಒಂದು ಬೆಲೆ, ನಿಮಗೆ ಒಂದು ಬೆಲೆ ಹೇಳಿ ನಡುವಿನದನ್ನು ಜೇಬಿಗಿಳಿಸುವವರೂ ಇದ್ದಾರೆ. ಅದಕ್ಕೆ ಮದ್ದು ಒಂದೇ. ರೈತನ ಜಗಲಿಯ ಮೇಲೆ ನೀವೇ ಒಮ್ಮೆ ಕೂತುಕೊಂಡು ಬನ್ನಿ. ಮಜ್ಜಿಗೆ ಕೊಡುತ್ತಾರೆ, ಮನೆಯಲ್ಲಿ ಎಷ್ಟು ಜನ ಹೆಣ್ಣುಮಕ್ಕಳು ಅನ್ನುವುದೂ ಗೊತ್ತಾಗುತ್ತದೆ.

ನಾನೂ ಕೈ ಸುಟ್ಟುಕೊಂಡವನೇ

ಊರಿಗೆ ಬುದ್ಧಿ ಹೇಳುವ ಮೊದಲು ನನ್ನದನ್ನೂ ಹೇಳಿಬಿಡುತ್ತೇನೆ. ಏಳು ವರ್ಷದ ಹಿಂದೆ ನಾನೂ ಒಂದು ಕೂಟಕ್ಕೆ 50 ಸಾವಿರ ಹಾಕಿದ್ದೆ. ಹನ್ನೊಂದು ಜನ, ತಲಾ ಅಷ್ಟಷ್ಟು. ಕೂಟ ಕಟ್ಟಿದವರು ದಿನಾ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದವರು, ಇಸ್ತ್ರಿ ಮಾಡಿದ ಅಂಗಿ, ಮಾತೆಂದರೆ ಮಾತು. ಜಮೀನು ನೋಡಲು ಹನ್ನೊಂದು ಜನರೂ ಟೆಂಪೋ ಮಾಡಿಕೊಂಡು ಹೋಗಿ, ತಟ್ಟೆ ಇಡ್ಲಿ ತಿಂದು ಬಂದೆವು. ಹಬ್ಬದ ಹಾಗಿತ್ತು.

ಆಮೇಲೆ ತಿಳಿದದ್ದು, ಅದು ಸರ್ಕಾರ ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಮಂಜೂರು ಮಾಡಿದ್ದ ಜಮೀನು. 1978ರ ಪಿ.ಟಿ.ಸಿ.ಎಲ್. ಕಾನೂನಿನ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವ ಹಾಗೇ ಇಲ್ಲ. ಮಾರಿದರೂ ಕ್ರಯ ಅಸಿಂಧು, ಜಮೀನು ಮೂಲ ಕುಟುಂಬಕ್ಕೆ ವಾಪಸ್ಸು. ತಡವಾಯಿತು ಅನ್ನುವ ನೆಪದಲ್ಲಿ ಅವರ ಅರ್ಜಿ ತಳ್ಳಿಹಾಕುವುದೂ ನಿಲ್ಲಲಿ ಅಂತ 2023ರಲ್ಲಿ ತಿದ್ದುಪಡಿ ಬಂತು. ಆ ಜಮೀನು ಅವರ ಬದುಕು, ಕಾನೂನು ಸರಿಯಾಗೇ ಇದೆ. ಪಹಣಿಯ ಒಂದು ಕಾಲಂ, ಮಂಜೂರಾತಿ ಕಡತದ ಒಂದು ಪ್ರತಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಹನ್ನೊಂದು ಜನರಲ್ಲಿ ಒಬ್ಬರೂ ನೋಡಲಿಲ್ಲ. ಪ್ರತಿಯೊಬ್ಬನೂ ಇನ್ನೊಬ್ಬ ನೋಡಿರುತ್ತಾನೆ ಅಂದುಕೊಂಡ. ಕೂಟದ ದೊಡ್ಡ ರೋಗ ಇದೇ.

ಎರಡು ವರ್ಷ ಅಲೆದು ನನಗೆ ಬಂದದ್ದು 38 ಸಾವಿರ. ಆ ಮನುಷ್ಯ ಈಗ ಬೇರೆ ಬಸ್ಸಿಗೆ ಹೋಗುತ್ತಾರೆ. ನಾನು ಪತ್ರಕರ್ತ, ಊರಿನ ಎಲ್ಲರ ಕಾಗದ ಕೇಳುವವನು. ನನ್ನ ದುಡ್ಡಿಗೆ ನಾನೇ ಕಾಗದ ಕೇಳಿರಲಿಲ್ಲ ಅಂತ ಮನೆಯಲ್ಲಿ ಇವತ್ತಿಗೂ ಮಾತು ಕೇಳುತ್ತೇನೆ.

ಕಾಗದದವರ ಕೂಟ

ಹಾಗಾದರೆ ಸರಿಯಾಗಿ ಮಾಡಿದವರೇ ಇಲ್ಲವೇ? ಇದ್ದಾರೆ. ಮೇಲೆ ಹೇಳಿದೆನಲ್ಲ, ಹತ್ತರಲ್ಲಿ ಒಬ್ಬರು. ಕ್ಯಾತ್ಸಂದ್ರದ ಕಡೆಯ ಬಟ್ಟೆ ಅಂಗಡಿಯವರು. ಇಬ್ಬರು ಗೆಳೆಯರ ಜೊತೆ ಸೇರಿ 2017ರಿಂದ ಇದೇ ವ್ಯವಹಾರ ಮಾಡುತ್ತಿದ್ದಾರೆ, ಮೂವರೂ ಇವತ್ತಿಗೂ ಒಟ್ಟಿಗೆ ಕಾಫಿ ಕುಡಿಯುತ್ತಾರೆ.

ಅವರ ಪತ್ರ ನನಗೆ ತೋರಿಸಿದರು. ಆರು ಪುಟ. ಯಾರು ಎಷ್ಟು ಹಾಕಿದರು, ಲಾಭ ಹೇಗೆ, ನಷ್ಟ ಹೇಗೆ ಅನ್ನುವುದು ಒಂದು ಪುಟದಲ್ಲಿ ಮುಗಿದಿದೆ. ಉಳಿದ ಐದು ಪುಟ ಪೂರ್ತಿ ಕೆಟ್ಟ ಮಾತು! ಒಬ್ಬ ಸತ್ತರೆ? ಒಬ್ಬನಿಗೆ ಮಧ್ಯದಲ್ಲಿ ದುಡ್ಡು ಬೇಕಾದರೆ? ಇನ್ನಷ್ಟು ಹಣ ಬೇಕಾಗಿ ಒಬ್ಬ ಕೊಡದಿದ್ದರೆ? ಇಬ್ಬರು ಮಾರೋಣ, ಒಬ್ಬ ಬೇಡ ಅಂದರೆ? ಹೊರಗೆ ಹೋಗುವವನ ಪಾಲನ್ನು ಉಳಿದಿಬ್ಬರು ಯಾವ ಬೆಲೆಗೆ, ಎಷ್ಟು ತಿಂಗಳಲ್ಲಿ ಕೊಳ್ಳಬೇಕು?

"ಬರೆಯುವಾಗ ನಾಚಿಕೆ ಆಗಲಿಲ್ವಾ ಸಾರ್?" ಅಂತ ಕೇಳಿದೆ.

"ಆಯ್ತು. ಅರ್ಧ ಗಂಟೆ ನಾಚ್ಕೊಂಡ್ವಿ. ಆಮೇಲೆ ಎಂಟು ವರ್ಷ ಆರಾಮಾಗಿದೀವಿ" ಅಂದರು.

ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಲ್ಲಿ, ಚೆಕ್ಕಿಗೆ ಇಬ್ಬರ ಸಹಿ. ನಗದು ಇಲ್ಲವೇ ಇಲ್ಲ. ಅದಕ್ಕೂ ಕಾರಣ ಇದೆ. ಜಮೀನು, ಮನೆ, ಸೈಟಿನ ವ್ಯವಹಾರದಲ್ಲಿ ಮುಂಗಡವೂ ಸೇರಿ 20 ಸಾವಿರ ಅಥವಾ ಹೆಚ್ಚು ನಗದು ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ ಅಂತ ಆದಾಯ ತೆರಿಗೆಯ ಕಟ್ಟಳೆ 2015ರಿಂದ ಇದೆ. ಲಕ್ಷ ತೆಗೆದುಕೊಂಡರೆ ಲಕ್ಷ ದಂಡ!

ಅವರು ಜಮೀನು ಕೊಳ್ಳುವ ಮೊದಲು ಸಂಪಾದಿಸಿದ್ದು ಜನರನ್ನು. ಒಬ್ಬ ಪರವಾನಗಿ ಇರುವ ಸರ್ವೆಯರು, ಒಬ್ಬ ವಕೀಲರು, ಮೂವತ್ತು ವರ್ಷದಿಂದ ಪತ್ರ ಬರೆಯುತ್ತಿರುವ ಒಬ್ಬ ಮುದುಕರು. ವಕೀಲರಿಗೆ ಜಮೀನು ಬೇಡವಾದರೂ ಫೀಸು ಕೊಡುತ್ತಾರಂತೆ. "ಬೇಡ ಅಂತ ಹೇಳಿದ್ದಕ್ಕೂ ಫೀಸು ಕೊಡೋದ್ರಿಂದಲೇ ಅವರು ಧೈರ್ಯವಾಗಿ ಬೇಡ ಅಂತಾರೆ" ಅಂದರು ಬಟ್ಟೆ ಅಂಗಡಿಯವರು. ಈ ಒಂದು ಮಾತಿಗೆ ನಾನು ಅವರ ಅಂಗಡಿಯಲ್ಲಿ ಒಂದು ಟವೆಲ್ ಕೊಂಡೆ.

ಒಮ್ಮೆ ಅವರು ಜಮೀನು ಕೊಳ್ಳಲೂ ಇಲ್ಲ. ರೈತನನ್ನೇ ಪಾಲುದಾರ ಮಾಡಿಕೊಂಡರು. ಜಾಗ ಅವನದು, ಕನ್ವರ್ಷನ್, ರಸ್ತೆ, ಚರಂಡಿ, ಕರೆಂಟು ಖರ್ಚು ಇವರದು, ಆದ ಸೈಟಿನಲ್ಲಿ ಹಂಚಿಕೆ. ಜಂಟಿ ಅಭಿವೃದ್ಧಿ ಅಂತಾರೆ. ಇದರಲ್ಲಿ ರೈತನೂ ಎಚ್ಚರ ಇರಬೇಕು. ಯಾವ ನಂಬರಿನ ಸೈಟು ನನಗೆ, ಎಷ್ಟು ತಿಂಗಳಲ್ಲಿ, ಆಗದಿದ್ದರೆ ಏನು ಅನ್ನುವುದು ಮೊದಲೇ ಬರಹದಲ್ಲಿ ಬರಬೇಕು. ಜಿ.ಪಿ.ಎ. ಒಂದನ್ನು ಬರೆಸಿಕೊಂಡು "ಆಯ್ತು, ಜಮೀನು ನಮ್ಮದಾಯ್ತು" ಅನ್ನುವವರನ್ನು ಎರಡೂ ಕಡೆಯವರು ನಂಬಬೇಡಿ. ಜಿ.ಪಿ.ಎ.ಯಿಂದ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಹೇಳಿ ಇಷ್ಟು ವರ್ಷವಾದರೂ ನಮ್ಮ ಊರಿನ ಕೆಲವು ದಲ್ಲಾಳಿಗಳ ಕಿವಿಗೆ ಅದು ಬಿದ್ದಿಲ್ಲ.

ಐದು ಲಕ್ಷ ಬಂತು

ಕಂಡಕ್ಟರ ಮನೆಯ ಕಥೆಗೆ ಬರೋಣ. ಮೂರು ಲಕ್ಷಕ್ಕೆ ಸಾಕ್ಷಿ ಇಲ್ಲ ಅಂದ ದಿನ ಆ ತಾಯಿ ಅಳುತ್ತಾ ಹೋದದ್ದು ಮೇಷ್ಟ್ರ ಮನೆಗೆ. ಮೇಷ್ಟ್ರು ಟ್ರಂಕು ತೆಗೆದರು. ನೋಟ್‌ಬುಕ್ ಇತ್ತು. ಮಾರನೇ ದಿನ ಇಬ್ಬರೂ ಅಂಗಡಿಗೆ ಹೋದರು.

ಮಕ್ಕಳು ಪುಟ ತಿರುಗಿಸಿದರು. ತಾರೀಖು, ಮೊತ್ತ, ಪಕ್ಕದಲ್ಲಿ ಅಪ್ಪನ ಸಹಿ. ಬಿಲ್ ಬುಕ್ಕಿನಲ್ಲಿ ಹುಟ್ಟಿದಂದಿನಿಂದ ನೋಡಿದ ಸಹಿ. ದೊಡ್ಡ ಮಗ ತುಂಬ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಅಪ್ಪನ ಮುಂದೆ ಪುಟ ಹಿಡಿದನಂತೆ. ಅಪ್ಪ ತಲೆ ಆಡಿಸಿದರಂತೆ.

2023ರಲ್ಲಿ ನಾಲ್ಕು ಕಂತಿನಲ್ಲಿ 5 ಲಕ್ಷ ಕೊಟ್ಟರು. ಬಡ್ಡಿ ಇಲ್ಲ. ಐದು ವರ್ಷ ಕೂತ ದುಡ್ಡು. ಸೊಸೈಟಿ ಸಾಲದ ಬಡ್ಡಿಯೇ ಅದರಲ್ಲಿ ಎಷ್ಟೋ ತಿಂದಿತು. "ಬಂತಲ್ಲ ಅಣ್ಣ, ಅಷ್ಟೇ ಸಾಕು. ಮಗಳ ಫೀಸು ಕಟ್ಟಿದೆ" ಅಂದರು ಆ ತಾಯಿ. ಒಡವೆ ಬಿಡಿಸಿಕೊಂಡಿರಾ ಅಂತ ನಾನು ಕೇಳಲಿಲ್ಲ. ಕೊರಳು ನೋಡಿದರೆ ಗೊತ್ತಾಗುತ್ತಿತ್ತು.

ಮಕ್ಕಳನ್ನೂ ನಾನು ಮಾತನಾಡಿಸಿದೆ. "ನಮ್ಮದೂ ಹನ್ನೆರಡು ಲಕ್ಷ ಕೋರ್ಟಲ್ಲೇ ಐತಲ್ಲ ಸಾರ್. ಅವರಿಗೆ ಕೈಯಿಂದ ಕೊಟ್ವಿ" ಅಂದರು. ಅದೂ ನಿಜವೇ. ರೈತನ ಅಕ್ಕನ ದಾವೆ ಇನ್ನೂ ನಡೆದಿದೆ. ದಲ್ಲಾಳಿ ಈಗ ಶಿರಾ ರಸ್ತೆಯ ಕಡೆ ಜಮೀನು ತೋರಿಸುತ್ತಿದ್ದಾರೆ.

ಮೇಷ್ಟ್ರ ಎಂಟು ಲಕ್ಷ? ಅದೂ ಅಲ್ಲೇ ಇದೆ. ಅವರಿಗೆ ಈಗ ಎಪ್ಪತ್ತರ ಹತ್ತಿರ. ಮೊನ್ನೆ ಅವರ ಮನೆಗೆ ಹೋಗಿ ಆ ನೋಟ್‌ಬುಕ್ ತೋರಿಸಿ ಅಂದೆ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೊಟ್ಟರು. ನೋಡಿ ವಾಪಸ್ಸು ಕೊಟ್ಟಾಗ ಕನ್ನಡಕ ಏರಿಸಿಕೊಂಡು ಕೊನೆಯ ಪುಟ ತೆಗೆದು ನನ್ನ ಕೈಗೆ ಪೆನ್ನು ಕೊಟ್ಟರು.

"ನೋಡಿದ್ದೀನಿ ಅಂತ ಬರೆದು ತಾರೀಖು ಹಾಕಿ, ಸಹಿ ಮಾಡಪ್ಪ."

ಮಾಡಿ ಬಂದೆ.